ಮೊದಲು ನೆಲ ನೋಡಿ, ಆಮೇಲೆ ಮರ: ಶಿವಮೊಗ್ಗದಿಂದ ಆಗುಂಬೆಗೆ ನಾಲ್ಕು ದಿನ

ಅಣ್ಣನ ಮಗಳು ಎಂಟನೇ ಕ್ಲಾಸು. ಇಪ್ಪತ್ತು ಮರದ ಎಲೆ ಒಣಗಿಸಿ, ಪುಸ್ತಕಕ್ಕೆ ಅಂಟಿಸಿ, ಹೆಸರು ಬರೆದು ತನ್ನಿ ಅಂತ ಶಾಲೆಯಲ್ಲಿ ಹೇಳಿದ್ದರು. ಶಿವಮೊಗ್ಗದ ನಮ್ಮ ಬೀದಿಯಲ್ಲೇ ಓಡಾಡಿ ಹನ್ನೊಂದು ಸೇರಿಸಿದ್ದಳು. ಮಾವು, ಬೇವು, ಹೊಂಗೆ, ಪೇರಲೆ, ಗುಲ್‌ಮೊಹರ್, ಮಳೆಮರ ಹೀಗೆ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ದಕ್ಷಿಣ ಅಮೆರಿಕದ ಕಡೆಯದು ಅಂತ ನಾನು ಹೇಳಿದಾಗ ಪುಸ್ತಕ ಮುಚ್ಚಿಟ್ಟು ಕೇಳಿದಳು, "ಹಾಗಾದ್ರೆ ನಮ್ಮ ಕಾಡಿನ ಮರ ಇದರಲ್ಲಿ ಎಷ್ಟಿದೆ ಚಿಕ್ಕಪ್ಪ?"

ಲೆಕ್ಕ ಹಾಕಿದರೆ ಹೆಚ್ಚು ಇರಲಿಲ್ಲ. ಮಲೆನಾಡಿನಲ್ಲೇ ಹುಟ್ಟಿ ಬೆಳೆದವನು ನಾನು. ತೀರ್ಥಹಳ್ಳಿ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಆದರೆ ಕಾರು ನಿಲ್ಲಿಸಿ ಒಂದು ಮರದ ಹೆಸರು ಕೇಳಿದರೆ ಹೇಳಲು ಆಗುತ್ತಿರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು. ಫೆಬ್ರವರಿ ಎರಡನೇ ವಾರ ನಾಲ್ಕು ದಿನ ಬಿಡುವು ಮಾಡಿಕೊಂಡೆ. ತೀರ್ಥಹಳ್ಳಿ ಹತ್ತಿರ ನನ್ನ ಸೋದರಮಾವ ಇದ್ದಾರೆ, ಎಪ್ಪತ್ತು ದಾಟಿದೆ, ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಅವರ ಮನೆಯಲ್ಲೇ ಉಳಿದು ಸುತ್ತಾಡೋಣ ಅಂತ ಹೊರಟೆವು. ಒಂದು ಮಾತು ಮೊದಲೇ ಮಾಡಿಕೊಂಡಿದ್ದೆವು: ಕೆಳಗೆ ಬಿದ್ದದ್ದನ್ನು ಮಾತ್ರ ಎತ್ತುವುದು, ಅಭಯಾರಣ್ಯದ ಒಳಗೆ ಕಾಲಿಡದೆ ರಸ್ತೆ ಬದಿ ಮತ್ತು ಜನ ಓಡಾಡುವ ಹಾದಿಯಲ್ಲೇ ನೋಡುವುದು.

ಮೊದಲ ದಿನ: ತುಂಗೆಯ ದಂಡೆಯಲ್ಲಿ

ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್. ಒಂದೂವರೆ ಗಂಟೆಯ ದಾರಿ. ನಾವು ಬೆಳಿಗ್ಗೆ ಎಂಟಕ್ಕೆ ಹೊರಟು ಮುಟ್ಟಿದ್ದು ಸಂಜೆ ಐದಕ್ಕೆ.

ಗಾಜನೂರು ದಾಟಿದ ಮೇಲೆ ರಸ್ತೆ ಪಕ್ಕ ಕಾಡು ಶುರು. ಫೆಬ್ರವರಿಯಲ್ಲಿ ಇಲ್ಲಿ ಅರ್ಧಕ್ಕರ್ಧ ಮರ ಬೋಳು. ಮೊದಲು ಸಿಕ್ಕಿದ್ದು ತೇಗ, ಸಾಗುವಾನಿ. ಇದನ್ನು ಗುರುತಿಸುವುದು ಸುಲಭ, ಊಟದ ತಟ್ಟೆ ಅಗಲದ ಒರಟು ಎಲೆ ಕಾಲಡಿ ಬಿದ್ದಿರುತ್ತದೆ, ತುಳಿದರೆ ಹಪ್ಪಳ ಮುರಿದ ಹಾಗೆ ಸದ್ದು. ಬುಡದಲ್ಲಿ ಒಂದು ಎಳೆ ಚಿಗುರು ಇತ್ತು. ಅದರ ತುದಿಯನ್ನು ಅಂಗೈಯಲ್ಲಿ ಉಜ್ಜು ಅಂದೆ. ಉಜ್ಜಿದಳು. ಅಂಗೈ ಕೆಂಪಾಯಿತು, ಎಲೆ ಅಡಿಕೆ ಜಗಿದ ಬಾಯಿಯ ಹಾಗೆ. ತೇಗ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಇದೊಂದೇ ಸಾಕು.

ಆಮೇಲೆ ಮತ್ತಿ. ನಮ್ಮ ಕಡೆ ಕಾಡಿನಲ್ಲಿ ಒಂದೇ ಒಂದು ಮರ ಕಲಿಯಬೇಕು ಅಂದರೆ ನಾನು ಮತ್ತಿ ಅನ್ನುತ್ತೇನೆ, ಅಷ್ಟು ಜಾಸ್ತಿ ಇದೆ. ತೊಗಟೆ ಕಪ್ಪು, ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಸೀಳಿ ಚೌಕ ಚೌಕ ಆಗಿರುತ್ತದೆ, ಥೇಟ್ ಮೊಸಳೆ ಬೆನ್ನು. ಆ ದಪ್ಪ ತೊಗಟೆಯಿಂದಲೇ ಬೇಸಿಗೆಯ ಕಾಡ್ಗಿಚ್ಚಿಗೆ ಈ ಮರ ತಡೆದುಕೊಳ್ಳುತ್ತದೆ. ಎಲೆಯಲ್ಲೂ ಗುರುತಿದೆ. ಬಿದ್ದ ಎಲೆ ಎತ್ತಿ ತಿರುಗಿಸಿದರೆ ಹಿಂಭಾಗದಲ್ಲಿ, ತೊಟ್ಟಿನ ಹತ್ತಿರ, ನಡುವಿನ ನರದ ಮೇಲೆ ಎರಡು ಸಣ್ಣ ಗುಬುಟು ಕಾಣುತ್ತವೆ. ಬೆರಳಿನಿಂದ ಸವರಿದರೆ ಸಾಸಿವೆ ಕಾಳು ಅಂಟಿದ ಹಾಗೆ ಸಿಗುತ್ತದೆ. ಹುಡುಗಿ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ ಐದಾರು ಎಲೆ ನೋಡಿದಳು. ಒಣಗಿದ ಎಲೆಯಲ್ಲೂ ಅದು ಹಾಗೇ ಇರುತ್ತದೆ.

ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಇಲ್ಲಿ ತುಂಗೆಯ ನಡುಗಡ್ಡೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಸಾವಿರಗಟ್ಟಲೆ ಬಂದು ಗೂಡು ಕಟ್ಟುತ್ತವೆ. ಈಗ ಖಾಲಿ. ದಂಡೆಯಲ್ಲಿ ಒಂದು ದೊಡ್ಡ ಮರ ನೀರಿನ ಕಡೆಗೆ ಬಾಗಿತ್ತು. ತೊಗಟೆ ನುಣುಪು, ಬೂದು ಬಿಳಿ, ಅಲ್ಲಲ್ಲಿ ತೆಳ್ಳಗೆ ಕಿತ್ತುಬಂದಿದೆ. ಬುಡದಲ್ಲಿ ಬಿದ್ದಿದ್ದ ಕಾಯಿಗೆ ಐದು ರೆಕ್ಕೆ, ಕಮರಕಾಯಿಯನ್ನು ಒಣಗಿಸಿದ ಹಾಗೆ. "ಬೆಳಿಗ್ಗೆ ಮತ್ತಿ ಬುಡದಲ್ಲೂ ಇಂಥದ್ದೇ ಇತ್ತು, ಆದರೆ ಮರ ಬೇರೆ" ಅಂದಳು. ಅವಳು ಹೇಳಿದ್ದು ಸರಿ. ಇದು ಹೊಳೆಮತ್ತಿ. ಮತ್ತಿಯ ಸಂಬಂಧಿಯೇ. ಅದು ಗುಡ್ಡದ ಮೇಲೆ ಕಪ್ಪು ಕವಚ ಹಾಕಿಕೊಂಡು ನಿಂತರೆ ಇದು ಹೊಳೆ ಬದಿ ಬೆಳ್ಳಗೆ ನಿಲ್ಲುತ್ತದೆ. ತೊಗಟೆ ನೋಡಿದರೆ ಸಂಬಂಧ ಇಲ್ಲ ಅನಿಸುತ್ತದೆ, ಕಾಯಿ ಮಾತ್ರ ಮನೆತನ ಹೇಳುತ್ತದೆ.

ಬೆಳ್ಳಗಿನ ಮರ ಅಂದಮೇಲೆ ನಂದಿಯನ್ನೂ ಹೇಳಬೇಕು. ನಂದಿ ಕಾಡಿನ ಒಳಗೆ, ನೆಟ್ಟಗೆ, ಪೇರಲೆ ಮರದ ಹಾಗೆ ಸಿಪ್ಪೆ ಬಿಡುತ್ತಾ ನಿಂತಿರುತ್ತದೆ. ಕಾಗದದಷ್ಟು ತೆಳು ಸಿಪ್ಪೆ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಬೆಳೆಯದ ಮರ ಇದು. ಹೊಳೆಮತ್ತಿ ಜೊತೆ ಗೊಂದಲ ಆದರೆ ಬುಡದಲ್ಲಿ ಕಾಯಿ ಹುಡುಕಿ. ನಂದಿ ಕಾಯಿ ಸಣ್ಣದು, ಒಣಗಿ ಬಿರಿದಿರುತ್ತದೆ, ರೆಕ್ಕೆ ಇರುವುದಿಲ್ಲ.

ಬೂರುಗ ದಾರಿಯುದ್ದಕ್ಕೂ ಹೂಬಿಟ್ಟಿತ್ತು. ಎಲೆ ಒಂದೂ ಇಲ್ಲ, ಮರದ ತುಂಬ ಕೆಂಪು ದಪ್ಪ ಹೂವು, ಅದರ ಮೇಲೆ ಮೈನಾಗಳ ಗಲಾಟೆ. ಇದನ್ನು ಯಾರೂ ತಪ್ಪು ಹೇಳುವುದಿಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಸಂಜೆ ಮಾವನ ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ದಿನದ ಕಥೆ ಒಪ್ಪಿಸಿದೆವು. ಅವರು ಎಲ್ಲ ಕೇಳಿಸಿಕೊಂಡು ಹುಡುಗಿ ಕಡೆ ತಿರುಗಿದರು. "ನೋಡೇ ಪುಟ್ಟಿ, ಇವತ್ತು ರಸ್ತೆ ಬದಿ ಮರ, ಎಲ್ಲ ಕಂಡಿತು. ನಾಳೆ ಕಾಡೊಳಗೆ ಮೇಲೆ ನೋಡಿದರೆ ಎಂತದೂ ಕಾಣೋದಿಲ್ಲ. ಯಾವ ಎಲೆ ಯಾವ ಮರದ್ದು ಅಂತ ಗೊತ್ತೇ ಆಗಲ್ಲ. ಮೊದಲು ನೆಲ ನೋಡಬೇಕು. ಆಮೇಲೆ ತೊಗಟೆ. ತಲೆ ಎತ್ತೋದು ಕಡೆಗೆ."

ಎರಡನೇ ದಿನ: ಸೊಪ್ಪಿನ ಬೆಟ್ಟ, ಕವಲೇದುರ್ಗ

ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದು ಮಾವನ ಹಿಂದೆ ಹೊರಟೆವು. ಸೊಪ್ಪಿನ ಬೆಟ್ಟ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟಕ್ಕೆ ಹೊಂದಿಕೊಂಡ ಕಾಡು ಇರುತ್ತದೆ. ಅಲ್ಲಿಂದ ಹಸಿ ಸೊಪ್ಪು, ದರಗು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುವುದು ಇಲ್ಲಿಯ ಹಳೆಯ ಪದ್ಧತಿ. ತಲೆಮಾರುಗಳಿಂದ ಸೊಪ್ಪು ಕಡಿದವರು ಇವರು. ಯಾವ ಸೊಪ್ಪು ಬೇಗ ಕೊಳೆಯುತ್ತದೆ, ಯಾವುದನ್ನು ದನ ಮುಟ್ಟುವುದಿಲ್ಲ, ಯಾವುದು ಕೈಗೆ ತಾಗಿದರೆ ತುರಿಕೆ, ಎಲ್ಲ ಕೈಗೇ ಗೊತ್ತು. ಮರದ ಹೆಸರು ಇವರ ಬಾಯಲ್ಲಿ ಉಳಿದಿರುವುದು ದಿನಾ ಕೆಲಸಕ್ಕೆ ಬೇಕಾಗಿದ್ದರಿಂದ. ನನ್ನ ಬಾಯಲ್ಲಿ ಉಳಿಯದೇ ಹೋದದ್ದು ನನಗೆ ಒಂದು ದಿನವೂ ಸೊಪ್ಪು ಬೇಕಾಗಲಿಲ್ಲ ಅನ್ನುವುದರಿಂದ ಇರಬೇಕು.

ಹತ್ತು ಹೆಜ್ಜೆ ಹೋಗುವುದರೊಳಗೆ ಮಾವ ನಿಂತರು. ನೆಲದ ಮೇಲೆ ದುಂಡಗಿನ, ಚಪ್ಪಟೆ, ಒಣ ಕಾಯಿ. ನಡುವೆ ಉಬ್ಬು, ಸುತ್ತ ತೆಳು ಅಂಚು, ದೊಡ್ಡ ನಾಣ್ಯದ ಹಾಗೆ. "ಯಾವ ಮರದ್ದು ಹುಡುಕು" ಅಂದರು. ಅವಳು ನಾಲ್ಕೈದು ಮರದ ಬುಡ ಸುತ್ತಿದಳು. ಒಂದರ ತೊಗಟೆಯಲ್ಲಿ ಹಳೇ ಗಾಯ, ಗಾಯದ ಕೆಳಗೆ ಒಣಗಿದ ರಕ್ತದ ಹಾಗೆ ಕಡುಗೆಂಪು ಅಂಟು. ಹೊನ್ನೆ! ಕತ್ತಿ ತಾಗಿದರೆ ರಕ್ತ ಸುರಿದ ಹಾಗೆ ಅಂಟು ಬರುತ್ತದೆ, ಗಾಳಿಗೆ ಗಟ್ಟಿಯಾಗಿ ಗಾಜಿನ ಚೂರಿನ ಹಾಗೆ ಆಗುತ್ತದೆ. ಸಕ್ಕರೆ ಕಾಯಿಲೆಯವರು ನೀರು ಹಾಕಿಟ್ಟು ಕುಡಿಯುವ ಮರದ ಲೋಟ ಇದೆಯಲ್ಲ, ಅದು ಈ ಮರದ್ದೇ. ರಾತ್ರಿ ಹಾಕಿಟ್ಟ ನೀರು ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹುಡುಗಿ ಆ ನಾಣ್ಯದ ಕಾಯಿಗಳನ್ನು ಜೇಬು ತುಂಬಿಸಿಕೊಂಡಳು.

ಮುಂದೆ ಒಂದು ಗಿಡ. ಮೊಣಕಾಲೆತ್ತರ. ಎಲೆ ಆಳವಾಗಿ ಹರಿದು ಬೆರಳು ಬೆರಳಾಗಿದೆ. ನನ್ನ ಫೋನಿನಲ್ಲಿ ಎಲೆ ಫೋಟೊ ನೋಡಿ ಹೆಸರು ಹೇಳುವ ಆಪ್ ಇತ್ತು. ಅದು ಮೂರು ಹೆಸರು ಕೊಟ್ಟಿತು, ಮೂರೂ ತಪ್ಪು. ಮಾವ ಗಿಡದ ಪಕ್ಕದ ಭಾರೀ ಮರ ತೋರಿಸಿದರು. "ಇದರ ಮರಿ ಅದು." ಕೆಳಗೆ ಬಿದ್ದಿದ್ದ ಎಲೆ ಎತ್ತಿ ನೋಡಿದೆ, ಇಡೀ ಎಲೆ, ಒಂದೂ ಸೀಳಿಲ್ಲ. ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಹೆಬ್ಬಲಸು ಹಾಗೆಯೇ ಅಂತೆ, ಮರಿ ಇದ್ದಾಗ ಹರಿದ ಎಲೆ, ಬೆಳೆದ ಮೇಲೆ ತುಂಬು ಎಲೆ. ಆದರೆ ಎರಡರಲ್ಲೂ ಒಂದು ಸಾಮ್ಯ ಇದೆ. ಎಳೆ ರೆಂಬೆ ಸವರಿದರೆ ಬಿರುಸು ಕೂದಲು, ಎಲೆ ಮುರಿದರೆ ಬಿಳಿ ಹಾಲು. ಹಲಸಿನ ರೆಂಬೆ ಹೀಗಿರುವುದಿಲ್ಲ, ನುಣುಪು. ಹೆಬ್ಬಲಸಿನ ಹಣ್ಣು ಮುಷ್ಟಿಯಷ್ಟು, ಮೈತುಂಬ ಮೆತ್ತಗಿನ ಮುಳ್ಳು, ಒಳಗೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ತೊಳೆ. ಮರ ತುಂಬ ಎತ್ತರ, ಹಾಗಾಗಿ ಮೊದಲ ಪಾಲು ಮಂಗಗಳದ್ದು.

ನನಗೆ ಅವತ್ತು ತುಂಬ ಇಷ್ಟವಾದದ್ದು ಉಪ್ಪಾಗೆ. ದೂರದಿಂದಲೇ ಗುರುತಿಸಬಹುದು, ಕೊಂಬೆಗಳು ಕಾಂಡದಿಂದ ಅಡ್ಡಕ್ಕೆ ಹೊರಟು ತುದಿಯಲ್ಲಿ ಜೋತುಬಿದ್ದಿರುತ್ತವೆ, ಮರ ಎರಡೂ ಕೈ ಇಳಿಬಿಟ್ಟು ನಿಂತ ಹಾಗೆ. ಎಲೆ ದಪ್ಪ, ಕಡು ಹಸಿರು, ಎಣ್ಣೆ ಹಚ್ಚಿದ ಹೊಳಪು, ಎದುರುಬದುರು ಜೋಡಿ. ಹಣ್ಣು ಮಳೆಗಾಲದಲ್ಲಿ. ಹಳದಿ ಬಣ್ಣ, ಕುಂಬಳಕಾಯಿಯ ಹಾಗೆ ಉದ್ದಕ್ಕೂ ಗೆರೆ. ಅದರ ಸಿಪ್ಪೆ ಒಣಗಿಸಿದರೆ ಹುಳಿ, ಬೀಜದಿಂದ ತುಪ್ಪ. ಸಿಪ್ಪೆಗೆ ಒಳ್ಳೆ ಬೆಲೆ ಬಂದ ಮೇಲೆ ಎಲ್ಲರೂ ಕಾಡಿಗೆ ಓಡುತ್ತಾರೆ, ಬಿಡದೆ ಸುರಿಯುವ ಮಳೆಯಲ್ಲಿ ಒಣಗಿಸುವುದು ಹೇಗೆ? ಒಲೆ ಹಾಕಿ ಹೊಗೆ ಕೊಡಬೇಕು. ಆ ಒಲೆಗೆ ಮತ್ತೆ ಕಾಡಿನ ಸೌದೆ. ಮಾವನಿಗೆ ಇದರ ಬಗ್ಗೆ ಬೇಸರ ಇದೆ. "ಹಣ್ಣು ಬೀಳೋವರೆಗೆ ಕಾಯೋದಿಲ್ಲ ಮಾರಾಯ, ಪಕ್ಕದವ ಕೊಯ್ತಾನೆ ಅಂತ ಕೊಂಬೆನೇ ಇಳಿಸ್ತಾರೆ. ಕೊಂಬೆ ಹೋದ ಮೇಲೆ ಮುಂದಿನ ವರ್ಷ ಎಲ್ಲಿಂದ ಬರುತ್ತೆ?" ನನಗೂ ಅದೇ ಅನಿಸಿತು. ನಿಂತ ಮರದಿಂದ ಪ್ರತಿ ವರ್ಷ ಸಿಗುವುದನ್ನು ಒಂದೇ ವರ್ಷಕ್ಕೆ ಮುಗಿಸುವುದು ಯಾವ ಲೆಕ್ಕ?

ಮುರುಗಲು ಇದರ ಸಂಬಂಧಿ, ಚಿಗುರು ಕೆಂಪು, ಎಲೆ ಇನ್ನಷ್ಟು ತೆಳು. ಬೇಸಿಗೆಯಲ್ಲಿ ದುಂಡಗಿನ ಕಡುಕೆಂಪು ಹಣ್ಣು. ಬೈನೆ ಯಾರಿಗೂ ಗೊತ್ತಾಗುತ್ತದೆ, ಎಲೆ ಮೀನಿನ ಬಾಲದ ಹಾಗೆ. ಬೈನೆಯ ಹೂಗೊಂಚಲು ಮೇಲಿನಿಂದ ಶುರುವಾಗಿ ಕೆಳಕೆಳಗೆ ಬರುತ್ತಾ ಹೋಗುತ್ತದೆ, ಕೆಳಗಿನದು ಮುಗಿದರೆ ಮರದ ಆಯಸ್ಸೂ ಮುಗಿಯಿತು.

ಕೌಲಿನ ಎಲೆ ಉದುರುವ ಕಾಲ. ಉದುರುವ ಮೊದಲು ಕೆಂಪಾಗುತ್ತದೆ, ಬೆಟ್ಟದಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ ಅದು ಹೆಚ್ಚಾಗಿ ಕೌಲು.

ಮಧ್ಯಾಹ್ನ ಊಟ ಮುಗಿಸಿ ಮಾವನನ್ನು ಮನೆಯಲ್ಲೇ ಬಿಟ್ಟು ಕವಲೇದುರ್ಗಕ್ಕೆ ಹೋದೆವು. ಕೆಳದಿ ಅರಸರ ಕೋಟೆ. ಗದ್ದೆ ಬದಿಯಿಂದ ಶುರುವಾಗಿ ಕಲ್ಲು ಹಾಸಿದ ಹಾದಿ ಕಾಡಿನೊಳಗೆ ಏರುತ್ತದೆ. ಇಲ್ಲಿ ಕೋಟೆ ಗೋಡೆ ಮೇಲೆ ಬಸರಿ, ಗೋಳಿ ಜಾತಿಯ ಮರಗಳು ಬೇರು ಇಳಿಬಿಟ್ಟಿವೆ. ಹಕ್ಕಿ ಹಣ್ಣು ತಿಂದು ಬೀಜ ಹಾಕಿ ಹೋಗುತ್ತದೆ, ಕಲ್ಲಿನ ಸಂದಿಯಲ್ಲೇ ಮೊಳಕೆ. ಅತ್ತಿಯಾದರೆ ಹಣ್ಣು ಕಾಂಡಕ್ಕೇ ಅಂಟಿಕೊಂಡು ಗೊಂಚಲಾಗಿರುತ್ತದೆ. ಈ ಗುಂಪಿನ ಯಾವ ಮರಕ್ಕಾದರೂ ಚಿಗುರಿನ ತುದಿ ನೋಡಿ, ಸುತ್ತಿಕೊಂಡ ಚೂಪು ಮೊಗ್ಗೊಂದು ಇರುತ್ತದೆ, ಮುರಿದರೆ ಹಾಲು.

ಇಳಿಯುವಾಗ ಒಂದು ತಪ್ಪಾಯಿತು. ಹಾದಿಗೆ ಅಡ್ಡ ಒಂದು ಮುರಿದ ರೆಂಬೆ ಬಿದ್ದಿತ್ತು, ಉದ್ದ ಎಲೆಗಳು ತುದಿಯಲ್ಲಿ ಗುಂಪಾಗಿದ್ದವು. ಪಕ್ಕಕ್ಕೆ ಸರಿಸೋಣ ಅಂತ ಎತ್ತಿದೆ. ಮುರಿದ ಕಡೆಯಿಂದ ಮಣಿಕಟ್ಟಿಗೆ ಸೊನೆ ತಾಗಿತು. ಕರ್ಚೀಫಿನಲ್ಲಿ ಒರೆಸಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಕರ್ಚೀಫಿನ ಮೇಲೆ ಕಪ್ಪು ಕಲೆ. ಮಾವ ಅದನ್ನು ನೋಡಿದ್ದೇ ಎದ್ದು ನಿಂತರು. "ಹೊಳಗೇರು ಮುಟ್ಟಿದ್ಯಾ? ಸೋಪು ಹಾಕಿ ತೊಳಿ ಮೊದಲು!"

ಮಾವು, ಗೇರಿನ ಕುಟುಂಬದ ಮರವೇ ಇದು. ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಒಂದೆರಡು ದಿನದಲ್ಲಿ ಗುಳ್ಳೆ. ಕಾಡು ಹಾದಿಗೆ ಹೋಗುವವರು ಬೇರೆ ಯಾವ ಮರ ಕಲಿಯದಿದ್ದರೂ ಇದನ್ನು ಕಲಿಯಲೇಬೇಕು. ತೊಗಟೆ ಮೇಲೆ ಟಾರು ಇಳಿದ ಹಾಗೆ ಕಪ್ಪು ಗೆರೆ ಇರುತ್ತದೆ. ಎಲೆ ಬುಡದ ಕಡೆ ಕಿರಿದು, ತುದಿ ಕಡೆ ಅಗಲ. ತೊಟ್ಟಿನ ಮೇಲೆ ಎರಡು ಪುಟ್ಟ ಮೆತ್ತಗಿನ ಮುಳ್ಳಿನ ಹಾಗಿನ ಚಾಚು ಇರುತ್ತದೆ, ಆದರೆ ಅದನ್ನು ದೂರದಿಂದ ನೋಡಿ, ಕೈಗೆ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಈ ಮರದ ಕೆಳಗೆ ನಿಲ್ಲಲೇಬಾರದು ಅನ್ನುತ್ತಾರೆ ಮಾವ. ಹಿರಿಯರ ಇನ್ನೊಂದು ನಂಬಿಕೆ ಇದೆಯಂತೆ, ಹೊಳಗೇರು ತಾಗಿದವರು ತಾರೆ ಮರಕ್ಕೆ ಸುತ್ತು ಬಂದರೆ ತುರಿಕೆ ಇಳಿಯುತ್ತದೆ ಅಂತ. "ಹತ್ತಿರದಲ್ಲಿ ತಾರೆ ಇದ್ಯಾ ಅಜ್ಜ?" ಅಂತ ಹುಡುಗಿ ಆಗಲೇ ಕೇಳಿದಳು. ಈ ಗುಡ್ಡದಲ್ಲಿದ್ದದ್ದು ಹೋದ ವರ್ಷದ ಗಾಳಿಗೆ ಬಿದ್ದುಹೋಯಿತಂತೆ.

ಮೂರನೇ ದಿನ: ಆಗುಂಬೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಘಟ್ಟದ ಅಂಚಿನಲ್ಲಿ ಇರುವುದರಿಂದ ಕಡಲಿನ ಮೋಡ ಮೊದಲು ಬಂದು ಬಡಿಯುವುದೇ ಇಲ್ಲಿಗೆ. ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮೊದಲ ದಿನ ಬೋಳು ಮರ ನೋಡಿದ್ದೆವಲ್ಲ, ಅಲ್ಲಿಂದ ಇಲ್ಲಿಗೆ ನೂರು ಕಿಲೋಮೀಟರೂ ಇಲ್ಲ. ಇಲ್ಲಿ ಫೆಬ್ರವರಿಯಲ್ಲೂ ಆಕಾಶ ಕಾಣದ ಹಾಗೆ ಎಲೆ. ಊರಿನವರೊಬ್ಬರು ಜೊತೆಗೆ ಬಂದರು. ಜೋಗಿಗುಂಡಿ ಕಡೆಯ ಹಾದಿ ಹಿಡಿದೆವು. ಬೆಳಿಗ್ಗೆ ಹತ್ತಾದರೂ ಒಳಗೆ ಮಬ್ಬು. ಮಾವ ಹೇಳಿದ್ದು ಇಲ್ಲಿ ಅರ್ಥವಾಯಿತು. ತಲೆ ಎತ್ತಿದರೆ ಹಸಿರು ಬಿಟ್ಟು ಏನೂ ಇಲ್ಲ, ಕಾಂಡಗಳು ಎಲ್ಲ ಒಂದೇ ಥರ ಕಂಬ. ಮೂವರೂ ನೆಲ ನೋಡಿಕೊಂಡು ನಡೆದೆವು.

ಮೊದಲು ಸಿಕ್ಕಿದ್ದು ಒಂದು ಮುಳ್ಳುಂಡೆ. ಗೋಲಿಗಿಂತ ದೊಡ್ಡದು, ಮೈತುಂಬ ಮುಳ್ಳು, ರೆಂಬೆಗೆ ಅಂಟಿಕೊಂಡಿತ್ತು. ಹುಡುಗಿ "ಕಾಯಿ" ಅಂದಳು, ನಾನೂ ಹೌದು ಅಂದೆ. ಜೊತೆಗೆ ಬಂದವರು ಅಲ್ಲ ಅಂದರು. ಇದು ಹೈಗದ ಮರ. ಒಂದು ಸಣ್ಣ ಕೀಟ ರೆಂಬೆಯ ಮೇಲೆ ಸೇರಿಕೊಂಡಾಗ ಮರ ಆ ಜಾಗದಲ್ಲಿ ಹೀಗೆ ಗಂಟು ಕಟ್ಟುತ್ತದೆ. ನಿಜವಾದ ಕಾಯಿಗೆ ಎರಡು ಉದ್ದ ರೆಕ್ಕೆ ಇರುತ್ತದೆ, ಮುಳ್ಳಲ್ಲ. ಆದರೆ ಗುರುತಿಗೆ ಈ ಮುಳ್ಳುಂಡೆಯೇ ಒಳ್ಳೆಯದು, ವರ್ಷದ ಯಾವ ಕಾಲದಲ್ಲೂ ಸಿಗುತ್ತದೆ. ಒಂದನ್ನು ನೋಡಿದ ಮೇಲೆ ಆ ಹಾದಿಯಲ್ಲಿ ಎಷ್ಟೊಂದು ಹೈಗ ಇದೆ ಅಂತ ಕಾಣತೊಡಗಿತು.

ಅಲ್ಲಿಂದ ಮುಂದೆ ಹಾಸಿಗೆ ಮರ. ಇದರ ಮುಂದೆ ನಾವು ಮುಕ್ಕಾಲು ಗಂಟೆ ಕೂತಿದ್ದೆವು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಮರ ಇದು. ಪಶ್ಚಿಮ ಘಟ್ಟದ್ದೇ, ಬೇರೆ ಕಡೆ ಇಲ್ಲ. ಚಿಗುರು ಬಾಡಿದ ಬಟ್ಟೆಯ ಹಾಗೆ ಗೊಂಚಲಾಗಿ ಜೋತುಬಿದ್ದಿತ್ತು, ತಿಳಿ ಕೆಂಪು. ಹೂವು ಕಾಂಡದ ಮೇಲೆಯೇ, ಬಿಳಿ ಗುಲಾಬಿ ಬಣ್ಣ. ಇದರ ಕಡ್ಡಿಯನ್ನು ಹತ್ತಿರದಿಂದ ನೋಡಿದರೆ ಗೆಣ್ಣಿನಿಂದ ಗೆಣ್ಣಿಗೆ ನಡುವಿನ ಭಾಗ ಉಬ್ಬಿಕೊಂಡಿದೆ. ಆ ಉಬ್ಬಿಗೆ ಒಂದು ಸಣ್ಣ ತೂತು. ಹುಡುಗಿ ಮೂಗು ತಾಗುವಷ್ಟು ಹತ್ತಿರ ಹೋಗಿ ಕೂತಳು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ತೂತಿನಿಂದ ಒಂದು ಇರುವೆ ತಲೆ ಹಾಕಿ, ಮೀಸೆ ಆಡಿಸಿ, ಹೊರಬಂತು. ಅದರ ಹಿಂದೆ ಇನ್ನೊಂದು. ಕಡ್ಡಿ ಒಳಗೆ ಟೊಳ್ಳು, ಅಲ್ಲಿ ಇರುವೆ ಸಂಸಾರ. ಮರ ಮನೆಯನ್ನೂ ಕೊಟ್ಟು ಎಲೆ, ಮೊಗ್ಗಿನ ಹತ್ತಿರ ಸಿಹಿ ರಸವನ್ನೂ ಇಡುತ್ತದೆ. ಒಂದು ಜಾತಿಯ ಎರೆಹುಳ ಕೂಡ ಈ ಟೊಳ್ಳಿನಲ್ಲಿ ಇರುತ್ತದೆ, ನೆಲದಿಂದ ಮೇಲೆ, ಮರದೊಳಗೆ! ಎಲ್ಲ ಹಾಸಿಗೆ ಮರಕ್ಕೂ ಈ ಉಬ್ಬು ಇರುವುದಿಲ್ಲ, ಪಕ್ಕದ ಮರದಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಕಡ್ಡಿ ಮುರಿದು ಒಳಗೆ ನೋಡೋಣವೇ ಅಂತ ನನಗೆ ಆಸೆ ಆಗಿತ್ತು. ಅವಳು ಬೇಡ ಅಂದಳು. "ಅವರ ಮನೆ ಚಿಕ್ಕಪ್ಪ."

ರಕ್ತಮರ ನೋಡಿದೆವು. ಯಾರೋ ಕತ್ತಿ ತಾಗಿಸಿದ್ದರು, ಕೆಂಪು ರಸ ಇಳಿದಿತ್ತು. ಹಿಂದಿನ ದಿನದ ಹೊನ್ನೆ ನೆನಪಾಯಿತು, ಆದರೆ ಇದು ಜಾಯಿಕಾಯಿ ಕುಟುಂಬದ್ದು, ರಾಮಪತ್ರೆಯ ನೆಂಟ. ಹೊನ್ನೆ ಎಲೆ ಕಡ್ಡಿಯ ಮೇಲೆ ಐದೋ ಏಳೋ ಸಾಲಾಗಿ ಇರುತ್ತದೆ, ಇದರದ್ದು ಉದ್ದದ ಒಂಟಿ ಎಲೆ, ತಿರುಗಿಸಿದರೆ ಸುಣ್ಣ ಬಳಿದ ಹಾಗೆ ಮಾಸಲು ಬಿಳಿ. ಕೊಂಬೆಗಳು ಕಾಂಡದ ಸುತ್ತ ಚಕ್ರದ ಕಡ್ಡಿಯ ಹಾಗೆ ಅಡ್ಡಕ್ಕೆ ಹರಡಿರುತ್ತವೆ. ಕೆಂಪು ರಸ ಕಂಡ ಕೂಡಲೇ ಹೊನ್ನೆ ಅಂತ ಬರೆದುಬಿಟ್ಟರೆ ತಪ್ಪಾಗುತ್ತದೆ.

ಸುರಹೊನ್ನೆಗೆ ಹೊನ್ನೆ ಅಂತ ಹೆಸರಿದ್ದರೂ ಅದರ ಸಂಬಂಧ ಏನೂ ಇಲ್ಲ. ಇದರ ಎಲೆ ಒಂದು ಸಲ ನೋಡಿದರೆ ಮರೆಯುವುದಿಲ್ಲ. ನಡುವಿನ ನರದಿಂದ ಅಂಚಿಗೆ ಕೂದಲೆಳೆಯಂಥ ನರಗಳು, ಒಂದಕ್ಕೊಂದು ಒತ್ತಾಗಿ, ಬಾಚಣಿಗೆ ಹಲ್ಲಿನ ಹಾಗೆ. ಬೆಳಕಿಗೆ ಹಿಡಿದು ನೋಡಬೇಕು. ತೊಗಟೆ ಹಳದಿ ಕಂದು, ದೋಣಿ ಆಕಾರದ ಸೀಳು. ಬಲಗಿ ಮರಕ್ಕೂ ಹೀಗೇ ಒತ್ತು ನರದ ಎಲೆ, ಆದರೆ ಬುಡ ನೋಡಿದರೆ ಗೊತ್ತಾಗುತ್ತದೆ, ಕಾಂಡದಿಂದ ಬೇರುಗಳು ಊರುಗೋಲಿನ ಹಾಗೆ ನೆಲಕ್ಕೆ ಇಳಿದಿರುತ್ತವೆ. ಬಲಗಿ ಒಂದಿದ್ದರೆ ಅಲ್ಲೇ ಹತ್ತಾರು ಇರುತ್ತವೆ, ಗುಂಪಾಗಿ ಬೆಳೆಯುವ ಮರ. ಧೂಪದ ಮರವೂ ಸಿಕ್ಕಿತು. ಕಾಂಡದ ಮೇಲೆ ಗಟ್ಟಿಯಾದ ಅಂಟಿನ ಹನಿ, ಜೇನಿನ ಬಣ್ಣ. ಚೂರು ಕೆಳಗೆ ಬಿದ್ದಿತ್ತು, ಮೂಸಿದರೆ ದೇವಸ್ಥಾನದ ಒಳಗೆ ನಿಂತ ಹಾಗೆ. ದಾಲ್ಚಿನ್ನಿಯ ಎಲೆಯನ್ನೂ ಮೂಸಿ ಹಿಡಿದೆವು, ಬುಡದಿಂದ ತುದಿಯವರೆಗೆ ಮೂರು ದಪ್ಪ ನರ ಇದ್ದರೆ ಕಿವುಚಿ ಮೂಸಿ ನೋಡಿ, ಅಷ್ಟೇ.

ರಾತ್ರಿ ಮಾವನ ಮನೆ ನಡುಮನೆಯಲ್ಲಿ ಮೂರು ದಿನದ ಎಲೆ ಸಾಲಾಗಿ ಹರಡಿದಳು. ಬಹಳ ಹೊತ್ತು ನೋಡಿ ಕೇಳಿದಳು, "ಇವತ್ತಿನ ಎಲೆಗೆಲ್ಲ ಬಾಲ ಯಾಕೆ ಇದೆ?" ನಾನು ಗಮನಿಸಿಯೇ ಇರಲಿಲ್ಲ. ಮೊದಲ ದಿನದ ತೇಗ, ಮತ್ತಿಯ ಎಲೆ ದೊಡ್ಡವು, ತುದಿ ಮೊಂಡು. ಆಗುಂಬೆಯ ಎಲೆ ಹಲವು ಸಣ್ಣವು, ದಪ್ಪ, ನುಣುಪು, ತುದಿ ಚೂಪಾಗಿ ಉದ್ದಕ್ಕೆ ಚಾಚಿವೆ. ಅಷ್ಟು ಮಳೆ ಬೀಳುವ ಕಡೆ ಎಲೆ ಮೇಲೆ ನೀರು ನಿಂತರೆ ಪಾಚಿ ಹಿಡಿಯುತ್ತದೆ. ಆ ಬಾಲದಿಂದ ನೀರು ಬೇಗ ಜಾರಿ ಹೋಗುತ್ತದೆ. ಮೊದಲ ದಿನದ ಮರಗಳಿಗೆ ಚಿಂತೆ ಬೇರೆ, ಬೇಸಿಗೆಯಲ್ಲಿ ನೀರು ಉಳಿಸಬೇಕು, ಎಲೆಯನ್ನೇ ಉದುರಿಸಿಬಿಡುತ್ತವೆ. ಎಷ್ಟು ಮಳೆ ಬರುತ್ತದೆ ಅನ್ನುವುದು ನೆಲದ ಮೇಲೆ ಹರಡಿದ ಆ ಸಾಲಿನಲ್ಲಿ ಕಾಣುತ್ತಿತ್ತು.

ನನ್ನ ಮಣಿಕಟ್ಟಿನಲ್ಲಿ ಅಷ್ಟು ಹೊತ್ತಿಗೆ ಗುಳ್ಳೆ ಎದ್ದಿತ್ತು. ಉರಿ, ತುರಿಕೆ, ನಿದ್ದೆ ಸರಿ ಬರಲಿಲ್ಲ.

ನಾಲ್ಕನೇ ದಿನ: ಕುಂದಾದ್ರಿ, ವಾಪಸ್

ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿ ಮುಲಾಮು ಹಚ್ಚಿಕೊಂಡು ಕುಂದಾದ್ರಿಗೆ ಹೋದೆವು. 826 ಮೀಟರ್ ಎತ್ತರದ ಬಂಡೆ ಬೆಟ್ಟ, ಮೇಲೆ ಪಾರ್ಶ್ವನಾಥ ಬಸದಿ, ಕೊಳ. ರಸ್ತೆ ಮೇಲಿನವರೆಗೂ ಇದೆ. ಇಲ್ಲಿ ಮರಗಳನ್ನು ಒಂದೊಂದಾಗಿ ನೋಡಲಿಲ್ಲ, ಮೇಲಿನಿಂದ ಒಟ್ಟಿಗೆ ನೋಡಿದೆವು. ಪಡುವಣಕ್ಕೆ ಆಗುಂಬೆ ಕಡೆ ಕಡು ಹಸಿರು, ಉಬ್ಬುತಗ್ಗು, ನಡುನಡುವೆ ಚಿಗುರಿನ ಕೆಂಪು, ತಾಮ್ರದ ಬಣ್ಣ. ಮೂಡಣಕ್ಕೆ ಬೂದು ಮಿಶ್ರಿತ ಹಸಿರು, ಎಲೆ ಉದುರಿದ ಕಾಡು. ಕಣಿವೆಯಲ್ಲಿ ತೋಟ. ಮತ್ತೆ ಅಲ್ಲಲ್ಲಿ ಒಂದೇ ಎತ್ತರ, ಒಂದೇ ಬಣ್ಣ, ಚಾಪೆ ಹಾಸಿದ ಹಾಗೆ ಅಕೇಶಿಯ ತೋಪು. ಅದು ಆಸ್ಟ್ರೇಲಿಯಾ ಕಡೆಯ ಮರ. ನಾವು ಎಲೆ ಅನ್ನುವುದು ಅದರಲ್ಲಿ ನಿಜವಾಗಿ ಎಲೆಯಲ್ಲ, ಅಗಲವಾದ ತೊಟ್ಟು. ಅಂಥ ತೋಪಿನ ಕೆಳಗೆ ದಾರಿಯಲ್ಲಿ ಇಳಿದು ನೋಡಿದೆವು. ದಪ್ಪ ದರಗು, ಅದೂ ಒಂದೇ ಜಾತಿಯದು. ಹುಡುಗಿ ಎರಡು ನಿಮಿಷ ನೆಲ ಹುಡುಕಿ "ಇಲ್ಲಿ ಓದೋಕೆ ಏನೂ ಇಲ್ಲ" ಅಂತ ಕಾರು ಹತ್ತಿದಳು.

ಮಾವನಿಗೆ ಹೇಳಿ, ಅತ್ತೆ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಕಾಲ ಹತ್ತಿರ ಇಟ್ಟುಕೊಂಡು ಮಧ್ಯಾಹ್ನ ಹೊರಟೆವು. ಮಂಡಗದ್ದೆ ದಾಟಿ ಒಂದು ತಿರುವಿನಲ್ಲಿ "ನಿಲ್ಲಿಸು ಚಿಕ್ಕಪ್ಪ!" ಅಂದಳು. ರಸ್ತೆ ಪಕ್ಕದ ಮಣ್ಣಿನ ಮೇಲೆ ಬೂದು ಬಣ್ಣದ ಕಾಯಿಗಳು ಚೆಲ್ಲಿದ್ದವು. ಗೋಲಿಗಿಂತ ದೊಡ್ಡದು, ಮೊಟ್ಟೆಯಾಕಾರ, ಮೈ ಮೇಲೆ ಮಖಮಲ್ಲಿನಂಥ ನುಣುಪು. ಅವಳು ಒಂದು ಎತ್ತಿ ಉಗುರಿನಿಂದ ಕೆರೆದು ಮೂಸಿದಳು. ಆಮೇಲೆ ಒಂದು ಒಣ ಎಲೆ. ಅಗಲ, ತೊಟ್ಟು ಉದ್ದ. ಆಮೇಲೆ ತೊಗಟೆ, ಬೂದು, ಉದ್ದುದ್ದ ಸಣ್ಣ ಬಿರುಕು. ಕೊನೆಗೆ ತಲೆ ಎತ್ತಿದಳು. ಮರ ಬೋಳಾಗಿತ್ತು, ರೆಂಬೆಗಳ ತುದಿಯಲ್ಲಿ ಮಾತ್ರ ಎಲೆ ಉದುರಿದ ಗುರುತುಗಳು ಗುಂಪು ಗುಂಪಾಗಿ ಇದ್ದವು. ತ್ರಿಫಲಾ ಚೂರ್ಣಕ್ಕೆ ಅಳಲೆ, ನೆಲ್ಲಿ ಜೊತೆ ಹಾಕುವ ಕಾಯಿ ಇದು ಅಂತ ಅವಳಿಗೆ ಅಂಗಡಿ ಡಬ್ಬಿಯ ಚಿತ್ರದಿಂದ ಗೊತ್ತಿತ್ತು.

"ತಾರೆ" ಅಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನನ್ನ ಮಣಿಕಟ್ಟು ನೋಡಿ, ತೋಳು ಹಿಡಿದು ಮರದ ಹತ್ತಿರ ಕರೆದುಕೊಂಡು ಹೋದಳು. ಮೂರು ಸುತ್ತು ಬಂದೆ. ಅವಳು ಹಿಂದೆ ನಡೆಯುತ್ತಾ ಬಿದ್ದ ಕಾಯಿ ಆರಿಸಿ ಚೀಲಕ್ಕೆ ಹಾಕುತ್ತಿದ್ದಳು.